ಅಪ್ಪನ ಡೈರಿಯಲ್ಲಿ 41 ಪಾಸ್‌ವರ್ಡ್: ಬ್ರೌಸರ್ ಕೈಗೆ ಕೊಡಬಹುದಾ?

ಅಡಿಕೆಪಟ್ಟೆ · ಭಾನುವಾರ, ಬೆಳಿಗ್ಗೆ 10:12

ಊರಿಗೆ ಬಂದಿದ್ದೇನೆ, ತೀರ್ಥಹಳ್ಳಿ ಹತ್ತಿರ. ಅಪ್ಪನಿಗೆ 68, ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಪಿಂಚಣಿ, ಗ್ಯಾಸು, ಕರೆಂಟ್ ಬಿಲ್ಲು, ಪಹಣಿ, ರೈಲು ಟಿಕೆಟ್ಟು ಎಲ್ಲ ಲ್ಯಾಪ್‌ಟಾಪಿನಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಇನ್ನೊಬ್ಬರ ಹತ್ತಿರ ಕೇಳುವ ಜಾಯಮಾನ ಅಲ್ಲ. ಪಾಸ್‌ವರ್ಡ್‌ಗಳೆಲ್ಲ ವಿಮಾ ಏಜೆಂಟರು ಕೊಟ್ಟ ಹಳೇ ಡೈರಿಯಲ್ಲಿವೆ.

ನಿನ್ನೆ ಆ ಡೈರಿ ಕೈಗೆ ಸಿಕ್ಕಿತು. ಎಣಿಸಿದೆ, 41. ಬ್ಯಾಂಕಿನ ಪುಟ ನೋಡುವ ಹಾಗಿದೆ. ಮೇಲುಗಡೆ ಅಮ್ಮನ ಹೆಸರು, ಮುಂದೊಂದು ಅಟ್ ಗುರುತು, 123. ಅದಕ್ಕೆ ಗೀಟು. ಕೆಳಗೆ 124. ಅದಕ್ಕೂ ಗೀಟು. ಹೀಗೇ ಇಳಿದು ಇಳಿದು 131ಕ್ಕೆ ಬಂದು ನಿಂತಿದೆ. ಬ್ಯಾಂಕಿನವರು ಆಗಾಗ ಬದಲಾಯಿಸಿ ಅಂತಾರೆ, ಅಪ್ಪ ಒಂದು ಕೂಡಿಸುತ್ತಾರೆ. ಎದುರು ಪುಟದಲ್ಲಿರೋದು ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಅಂತ ಬರೆದ ಅವರಿಗೇ ಗೊತ್ತಿಲ್ಲ. ಹೋದ ತಿಂಗಳು ಮೂರು ಸಲ ತಪ್ಪು ಹೊಡೆದು ಖಾತೆ ಲಾಕ್ ಆಗಿ, ಮಳೆಯಲ್ಲಿ ಶಾಖೆಗೆ ಹೋಗಿ ಅರ್ಜಿ ಕೊಟ್ಟು ಬಂದಿದ್ದಾರೆ. ನನಗೆ ಹೇಳಿರಲಿಲ್ಲ, ಅಮ್ಮ ಹೇಳಿದ್ದು.

ಹೊಸ ಸೈಟಿಗೆ ಹೋದಾಗೆಲ್ಲ ಕ್ರೋಮ್ ‘ಪಾಸ್‌ವರ್ಡ್ ಉಳಿಸಬೇಕೇ?’ ಅನ್ನುತ್ತೆ, ಅಪ್ಪ ‘ಎಂದಿಗೂ ಬೇಡ’ ಒತ್ತುತ್ತಾರೆ. ಯಾಕೆ ಅಂದರೆ, “ನಮ್ಮನೆ ಬೀಗದ ಕೈ ಗೂಗಲ್‌ನವನಿಗೆ ಯಾಕೆ ಕೊಡಲಿ?” ನನಗೆ ಉತ್ತರ ಹೊಳೆಯಲಿಲ್ಲ.

ಬ್ರೌಸರ್‌ನದ್ದೇ ಸಾಕಾ? ಪಾಸ್‌ವರ್ಡ್ ಕಾಯಲು ಬ್ರೌಸರಿಗೆ ಜೋಡಿಸುವ ಬೇರೆ ಎಕ್ಸ್‌ಟೆನ್ಷನ್ ಹಾಕಬೇಕಾ? ಅಥವಾ ಡೈರಿಯೇ ವಾಸಿಯಾ? ಮನೆಯ ಹಿರಿಯರಿಗೆ ಮಾಡಿಕೊಟ್ಟು ಅನುಭವ ಇರುವವರು ಹೇಳಿ.

ನೀರ್ದೋಸೆ · ಭಾನುವಾರ, 10:40

ಅಪ್ಪನ ಪ್ರಶ್ನೆ ಸರಿಯಾದದ್ದೇ ಮಾರಾಯ್ರೆ. ಮೊದಲು ಅದಕ್ಕೆ ಉತ್ತರ. ಕ್ರೋಮ್‌ನಲ್ಲಿ ಗೂಗಲ್ ಖಾತೆಗೆ ಲಾಗಿನ್ ಆಗದೆ ಉಳಿಸಿದರೆ ಪಾಸ್‌ವರ್ಡ್ ಆ ಲ್ಯಾಪ್‌ಟಾಪಿನಲ್ಲೇ ಇರ್ತದೆ. ಲಾಗಿನ್ ಆಗಿ ಸಿಂಕ್ ಮಾಡಿದರೆ, ಅಂದರೆ ನಿಮ್ಮ ಎಲ್ಲ ಸಾಧನಗಳಲ್ಲೂ ಒಂದೇ ಸಮ ಇರುವ ಹಾಗೆ ಮಾಡಿದರೆ, ಗೂಗಲ್‌ನ ಸರ್ವರಿಗೆ ಹೋಗ್ತದೆ. ಬೀಗ ಹಾಕಿಯೇ ಹೋಗುವುದು, ಆದರೆ ಸಾಮಾನ್ಯವಾಗಿ ಕೀಲಿಯೂ ಅವರ ಹತ್ತಿರವೇ ಉಂಟು. ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಪಾಸ್‌ಫ್ರೇಸ್ ಅಂತ ಒಂದುಂಟು, ಅದನ್ನು ಹಾಕಿದರೆ ಕೀಲಿ ನಿಮ್ಮದು ಮಾತ್ರ. ಫೈರ್‌ಫಾಕ್ಸ್‌ನಲ್ಲಿ ಸಿಂಕ್ ಆಗುವುದೆಲ್ಲ ನಿಮ್ಮ ಪಾಸ್‌ವರ್ಡ್‌ನಿಂದ ಹುಟ್ಟಿದ ಕೀಲಿಯಲ್ಲೇ ಮುಚ್ಚಿ ಹೋಗ್ತದೆ, ಅದನ್ನು ಮಾಡಿದ ಮೊಜಿಲ್ಲಾದವರಿಗೂ ಓದಲಿಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ. ಪಾಸ್‌ವರ್ಡ್ ಉಳಿಸುವ ಈ ಸಾಫ್ಟ್‌ವೇರನ್ನು ಎಲ್ಲರೂ ನೆನಪಿನ ಡಬ್ಬಿ ಅಂತ ತಿಳ್ಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಅದರ ದೊಡ್ಡ ಕೆಲಸ ಬೇರೆ. ಪಾಸ್‌ವರ್ಡ್ ಉಳಿಸುವಾಗ ಅದು ಸೈಟಿನ ವಿಳಾಸವನ್ನೂ ಜೊತೆಗೆ ಬರೆದಿಟ್ಟುಕೊಳ್ತದೆ. ಮುಂದಿನ ಸಲ ಆ ವಿಳಾಸ ಹೊಂದಿದರೆ ಮಾತ್ರ ತುಂಬುವುದು. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಕಳ್ಳರು ಪುಟ ಕಟ್ಟಿರ್ತಾರೆ. ಲೋಗೊ ಅದೇ, ಬಣ್ಣ ಅದೇ, ಬೀಗದ ಚಿತ್ರವೂ ಉಂಟು. ನಮ್ಮ ಕಣ್ಣು ಮೋಸ ಹೋಗ್ತದೆ. ಈ ಸಾಫ್ಟ್‌ವೇರಿಗೆ ಲೋಗೊ ಕಾಣುವುದೇ ಇಲ್ಲ, ವಿಳಾಸ ಮಾತ್ರ ಕಾಣುವುದು. ಸುಮ್ಮನೆ ಕೂರ್ತದೆ. ಆ ಸುಮ್ಮನಿರುವಿಕೆಗೇ ನಾನು ದುಡ್ಡು ಕೊಡುವುದು.

ಗಿರ್ಮಿಟ್ · ಭಾನುವಾರ, 11:25

ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ಆದ್ರ ಕಂಪ್ಯೂಟರ್ ಯಾರ್ದು ಅನ್ನೂದು ಮೊದಲ ನೋಡ್ರಿ.

ನಂದು ಹುಬ್ಬಳ್ಳ್ಯಾಗ ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬೋ ಅಂಗಡಿ. ಹೋದ ವರ್ಷ ಒಂದ್ ಕಂಪ್ಯೂಟರ್ ಭಾಳ ನಿಧಾನ ಆಗಿತ್ತಂತ ರಾತ್ರಿ ಅಂಗಡಿ ಮುಚ್ಚಿದ ಮ್ಯಾಲ ಕುಂತು ಸ್ವಚ್ಛ ಮಾಡಾಕತ್ತಿದ್ದೆ. ಬ್ರೌಸರ್ ಸೆಟ್ಟಿಂಗ್ಸ್‌ನ್ಯಾಗ ಪಾಸ್‌ವರ್ಡ್ ಅಂತಿತ್ತು, ಒತ್ತಿದೆ. ಎದಿ ಧಸಕ್ಕಂತು. 212 ಖಾತೆ! ಸಿಇಟಿ ಅರ್ಜಿ ಹಾಕಿದ ಹುಡುಗ್ರು, ಸ್ಕಾಲರ್‌ಶಿಪ್, ಸೇವಾ ಸಿಂಧು, ಯಾರ್ಯಾರ್ದೋ ಜಿಮೇಲ್, ಒಬ್ಬ ಹಿರೇರ್ದು ಪಿಎಫ್. ಕಣ್ಣಿನ ಚಿತ್ರ ಒತ್ತಿದ್ರ ಪಾಸ್‌ವರ್ಡ್ ಬಯಲು. ಆ ಕಂಪ್ಯೂಟರಿಗೆ ವಿಂಡೋಸ್ ಪಾಸ್‌ವರ್ಡನ ಇರಲಿಲ್ಲ, ತಡ್ಯಾಕ ಯಾರದಾರ? ಗಿರಾಕಿಗೂ ಗಡಿಬಿಡಿ, ನನ್ನ ಹುಡುಗ್ರಿಗೂ ಗಡಿಬಿಡಿ. ಉಳಿಸಲೇನು ಅಂದ್ರ ಹೂಂ ಅಂತ ಒತ್ತಿಬಿಡ್ತಾರ.

ಎಲ್ಲಾ ಅಳಿಸಿ ಹಾಕಿದೆ. ಈಗ ಗಿರಾಕಿಗೆ ಗೆಸ್ಟ್ ವಿಂಡೋ ಬಿಟ್ಟು ಬ್ಯಾರೆ ತೆಗ್ಯಾಕ ಬಿಡೂದಿಲ್ಲ. ಅದನ್ನ ಮುಚ್ಚಿದ ಕೂಡ್ಲೆ ಹೆಸರು, ಗುರ್ತು, ಎಲ್ಲಾ ಹೋಗ್ತದ.

ಆ 212ರಾಗ ನಮ್ಮ ಅತ್ತಿಗೀದೂ ಒಂದಿತ್ತು. ಅವರಿಗೆ ಇವತ್ತಿನ ತನಕ ಹೇಳಿಲ್ಲ.

ಅಡಿಕೆಪಟ್ಟೆ · ಭಾನುವಾರ, 11:31

ಅಯ್ಯೋ. ಅಪ್ಪ ಪೇಟೆಗೆ ಹೋದಾಗ ಅಂಥದ್ದೇ ಒಂದು ಅಂಗಡಿಯಲ್ಲಿ ಪ್ರಿಂಟ್ ತೆಗೆಸ್ತಾರೆ, ಅಲ್ಲೇ ಇಮೇಲ್ ಓಪನ್ ಮಾಡಿ. ಈಗಲೇ ಹೋಗಿ ಜಿಮೇಲ್ ಪಾಸ್‌ವರ್ಡ್ ಬದಲಾಯಿಸ್ತೇನೆ.

ರಾಗಿಮುದ್ದೆ · ಭಾನುವಾರ, ಮಧ್ಯಾಹ್ನ 1:05

ಬ್ರೌಸರ್ ಇದನ್ನೆಲ್ಲ ಎಲ್ಲಿ ಮಡಗ್ತದೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಯ್ತದೆ. ನಂದು ಇದೇ ಕೆಲಸ, ಅದಕ್ಕೆ.

ವಿಂಡೋಸ್‌ನಲ್ಲಿ ಕ್ರೋಮ್‌ನ ಫೋಲ್ಡರ್ ಒಳಗೆ ‘ಲಾಗಿನ್ ಡೇಟಾ’ ಅಂತ ಒಂದು ಫೈಲ್ ಐತೆ. ಎಸ್‌ಕ್ಯೂಲೈಟ್ ಡೇಟಾಬೇಸು, ಅಷ್ಟೇಯ. ಸೈಟಿನ ವಿಳಾಸ, ಯೂಸರ್‌ನೇಮು ಯಾರು ಬೇಕಾದ್ರೂ ಓದ್ಬೋದು. ಪಾಸ್‌ವರ್ಡಿಗೆ ಮಾತ್ರ ಎಇಎಸ್-256 ಅನ್ನೋ ಗೂಢಲಿಪಿ ಬೀಗ. ಬೀಗ ಗಟ್ಟಿನೇ. ಕೀಲಿ ಎಲ್ಲೈತೆ? ಅಲ್ಲೇ ಹತ್ರ ಇನ್ನೊಂದು ಫೈಲಲ್ಲಿ, ವಿಂಡೋಸ್‌ನ ಡಿಪಿಎಪಿಐ ಅನ್ನೋ ವ್ಯವಸ್ಥೆ ಅದನ್ನ ಸುತ್ತಿಟ್ಟಿರ್ತದೆ. ಆ ವ್ಯವಸ್ಥೆ ಕೇಳೋದು ಒಂದೇ ಮಾತು: ಈ ವಿಂಡೋಸ್ ಖಾತೆಯವನೇನಾ ನೀನು? ಅಪ್ಪ ಲಾಗಿನ್ ಆಗಿ ಕೂತಿರುವಾಗ ಅವರ ಹೆಸರಲ್ಲಿ ಓಡೋ ಯಾವ ಪ್ರೋಗ್ರಾಮ್ ಕೇಳಿದ್ರೂ ಉತ್ತರ ಹೌದು ಅಂತಲೇ. ಲ್ಯಾಪ್‌ಟಾಪ್ ಕದ್ದು ಡಿಸ್ಕ್ ಬಿಚ್ಚಿದ ಕಳ್ಳನಿಗೆ, ವಿಂಡೋಸ್‌ಗೆ ಒಳ್ಳೇ ಪಾಸ್‌ವರ್ಡ್ ಇದ್ರೆ, ಸುಲಭಕ್ಕೆ ಸಿಗಲ್ಲ. ಅಪ್ಪ ಕೂತಿರುವಾಗ್ಲೇ ಒಳಗೆ ನುಗ್ಗಿದ ಸಾಫ್ಟ್‌ವೇರಿಗೆ ಒಂದೇ ಗುಕ್ಕಿಗೆ ಎಲ್ಲಾ ಸಿಗ್ತದೆ.

ಆ ಜಾತಿ ಸಾಫ್ಟ್‌ವೇರಿಗೆ ಇನ್ಫೋಸ್ಟೀಲರ್ ಅಂತಾರೆ. ರೆಡ್‌ಲೈನ್, ಲುಮ್ಮಾ ಇವೆಲ್ಲ ಅದೇ ಕುಲ. 2024ರ ಅಕ್ಟೋಬರ್‌ನಲ್ಲಿ ಡಚ್ ಪೊಲೀಸರು ಬೇರೆ ದೇಶದವರ ಜೊತೆ ಸೇರಿ ರೆಡ್‌ಲೈನ್‌ನ ಸರ್ವರ್‌ಗಳನ್ನ ಹಿಡಿದ್ರು. ಅದೇ ವರ್ಷ ಜುಲೈನಲ್ಲಿ ಗೂಗಲ್‌ನವರು ಕ್ರೋಮ್ 127ರಲ್ಲಿ ಕೇಳೋ ಪ್ರೋಗ್ರಾಮ್ ಕ್ರೋಮೇನಾ ಅಂತಲೂ ನೋಡೋ ಇನ್ನೊಂದು ಪದರ ತಂದ್ರು, ಮೊದಲು ಕುಕಿಗಳಿಗೆ (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟು ಬ್ರೌಸರಲ್ಲಿ ಇಡೋ ಗುರುತಿನ ಚೀಟಿ). ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ದಾಟೋ ದಾರಿ ಹುಡುಕಿದ್ರು. ಈ ಓಟ ನಿಲ್ಲೋದಲ್ಲ.

ಬರೋದು ಎಲ್ಲಿಂದ ಅಂದ್ರೆ ಬಹಳ ಸಲ ಕ್ರ್ಯಾಕ್ ಮಾಡಿದ, ಅಂದ್ರೆ ಲೈಸೆನ್ಸ್ ಮುರಿದ, ಸಾಫ್ಟ್‌ವೇರಿಂದ. ಮಂಡ್ಯದಲ್ಲಿ ನನ್ನ ಗೆಳೆಯಂದು ಡಿಟಿಪಿ ಅಂಗಡಿ, ಮದುವೆ ಪತ್ರಿಕೆ ಮಾಡ್ತಾನೆ. ಪುಟ ವಿನ್ಯಾಸದ ಸಾಫ್ಟ್‌ವೇರ್ ಬಿಟ್ಟಿ ಸಿಕ್ತು ಅಂತ ಹಾಕ್ಕೊಂಡ. ಹಾಕೋವಾಗ ಆಂಟಿವೈರಸ್ ಆರಿಸಿ ಅಂತ ಬರೆದಿತ್ತಂತೆ, ಆರಿಸಿದ. ಎರಡು ದಿನಕ್ಕೆ ಅವನ ಫೇಸ್‌ಬುಕ್ಕಿಂದ ಎಲ್ಲರಿಗೂ ದುಡ್ಡು ಕೇಳೋ ಮೆಸೇಜು ಹೋಯ್ತು. ಅಪ್ಪನ ಲ್ಯಾಪ್‌ಟಾಪಲ್ಲಿ ಅಂಥದ್ದೇನಾದ್ರೂ ಐತಾ, ಮೊದಲು ಅದನ್ನ ನೋಡಿ.

ಅಡಿಕೆಪಟ್ಟೆ · ಭಾನುವಾರ, 1:20

ಇಲ್ಲ, ಅಪ್ಪನದ್ದರಲ್ಲಿ ಒಂದು ಪಂಚಾಂಗದ ಆ್ಯಪು, ಇಸ್ಪೀಟು, ಅಷ್ಟೇ. ಆದರೆ ಅಕ್ಕನ ಮಗ ರಜೆಗೆ ಬಂದಾಗ ಅದರಲ್ಲೇ ಆಟ ಆಡೋದು...

ರಾಗಿಮುದ್ದೆ · ಭಾನುವಾರ, 1:24

ಅವನಿಗೆ ಬೇರೆ ವಿಂಡೋಸ್ ಖಾತೆ ಮಾಡ್ಕೊಡಿ. ಇವತ್ತೇ. ನಮ್ಮನೆ ಹುಡುಗ, ಏಳನೇ ಕ್ಲಾಸು, ಚುಕ್ಕಿ ಚುಕ್ಕಿಯಾಗಿ ತುಂಬಿದ್ದ ನನ್ನ ಪಾಸ್‌ವರ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ಒತ್ತಿ, ಒಂದು ಪದ ಬದಲಾಯಿಸಿದ. ಚುಕ್ಕಿ ಹೋಗಿ ಅಕ್ಷರ ಬಂತು. ಯೂಟ್ಯೂಬ್ ನೋಡಿ ಕಲಿತಿದ್ನಂತೆ. ಕಣ್ಣಿನ ಚಿತ್ರ ಒತ್ತಿದ್ರೆ ಕ್ರೋಮ್ ವಿಂಡೋಸ್ ಪಿನ್ ಕೇಳ್ತದೆ ಸರಿ. ತುಂಬೋವಾಗ ತಾನಾಗೇ ಕೇಳಲ್ಲ, ಸೆಟ್ಟಿಂಗ್ಸಲ್ಲಿ ವಿಂಡೋಸ್ ಹಲೋ ಅಂತ ಐತೆ (ಮುಖ, ಬೆರಳು ಇಲ್ಲಾ ಪಿನ್ ಕೇಳೋದು), ಅದನ್ನ ಆನ್ ಮಾಡಬೇಕು. ಫೈರ್‌ಫಾಕ್ಸಲ್ಲಾದ್ರೆ ಪ್ರೈಮರಿ ಪಾಸ್‌ವರ್ಡ್, ಅಂದ್ರೆ ಉಳಿಸಿದ್ದಕ್ಕೆಲ್ಲ ಸೇರಿ ಮೇಲೊಂದು ಪಾಸ್‌ವರ್ಡ್, ಹಾಕಿ. ಅದಿಲ್ಲದೆ ಫೈರ್‌ಫಾಕ್ಸ್ ಅಂದ್ರೆ ಚಿಲಕ ಇಲ್ಲದ ಬಾಗಿಲು.

ಬಿಸಿಬೇಳೆ · ಭಾನುವಾರ, ಸಂಜೆ 5:50

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಬೇರೆ ಏನನ್ನಾದರೂ ಅದರಲ್ಲಿಡಿ, ಬ್ಯಾಂಕಿನದ್ದು ಬೇಡ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಅಕ್ರಮ ವಹಿವಾಟಿನ ನಷ್ಟ ಯಾರ ತಲೆಗೆ ಎನ್ನುವುದು ಸ್ಪಷ್ಟವಿದೆ. ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ, ಮಧ್ಯೆ ಇನ್ನೆಲ್ಲೋ ಆಗಿದೆ ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ಗ್ರಾಹಕರೇ ಗುಟ್ಟನ್ನು ಬಿಟ್ಟುಕೊಟ್ಟ ನಿರ್ಲಕ್ಷ್ಯವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವರದ್ದೇ. ಯಾವುದೋ ಎಕ್ಸ್‌ಟೆನ್ಷನ್‌ನಲ್ಲಿ ಇಟ್ಟಿದ್ದು ನಿರ್ಲಕ್ಷ್ಯವೋ ಅಲ್ಲವೋ ಎಂದು ಶಾಖೆಯ ಕೌಂಟರಿನಲ್ಲಿ ನಿಂತು ವಾದಿಸುವ ಸ್ಥಿತಿ ನಿಮ್ಮ ತಂದೆಗೆ ಬರಬಾರದು.

ಡೈರಿ ಕಪಾಟಿನಲ್ಲಿದ್ದರೆ ಅದಕ್ಕೇನು ಕೊರತೆ? ಹೊರದೇಶದ ಹ್ಯಾಕರ್ ತೀರ್ಥಹಳ್ಳಿಗೆ ಬಸ್ಸು ಹತ್ತಿ ಬರುವುದಿಲ್ಲ.

ಗಿರ್ಮಿಟ್ · ಭಾನುವಾರ, 5:58

ಬಂದ್ರೂ ಆಗುಂಬಿ ಘಾಟಿನ್ಯಾಗ ವಾಂತಿ ಮಾಡ್ಕೋತಾನ ಬಿಡ್ರಿ.

ನೀರ್ದೋಸೆ · ಭಾನುವಾರ, ರಾತ್ರಿ 8:15

ಬಿಸಿಬೇಳೆಯವರೇ, ಡೈರಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ ಅಂತ ಬ್ರೂಸ್ ಶ್ನಾಯರ್‌ನಂಥ ಭದ್ರತಾ ಪಂಡಿತರೇ 2005ರಲ್ಲಿ ಹೇಳಿದ್ದಾರೆ. ಆದರೆ ಡೈರಿ ನೋಡಿ ಕೈಯಲ್ಲಿ ಹೊಡೆಯುವವರು ಚಿಕ್ಕ ಪಾಸ್‌ವರ್ಡ್ ಇಡ್ತಾರೆ, ಒಂದನ್ನೇ ಹತ್ತು ಕಡೆ ಇಡ್ತಾರೆ. 123, 124, 125. ಯಾವುದೋ ಬಟ್ಟೆ ಮಾರುವ ಸೈಟಿನಿಂದ ಒಂದು ಸೋರಿದರೆ ಉಳಿದದ್ದು ಊಹಿಸಲಿಕ್ಕೆ ಎಂತ ಕಷ್ಟ?

ಇನ್ನು ಬ್ಯಾಂಕಿನವರ ವಿಷಯ. ನನಗೆ ಸಿಟ್ಟು ಬರುವುದೇ ಅಲ್ಲಿ. ನನ್ನ ಬ್ಯಾಂಕಿನ ಪುಟದಲ್ಲಿ ಪೇಸ್ಟ್ ಮಾಡಲಿಕ್ಕೆ ಬಿಡುವುದಿಲ್ಲ, ತುಂಬಲಿಕ್ಕೂ ಬಿಡುವುದಿಲ್ಲ, ಪರದೆ ಮೇಲಿನ ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಪ್ರತಿ ಸಲ ಅಕ್ಷರಗಳು ಜಾಗ ಬದಲಾಯಿಸ್ತವೆ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಮಾರ್ಗಸೂಚಿಯಲ್ಲಿ ಬರೆದಿದೆ: ಪೇಸ್ಟ್ ಮಾಡಲು ಬಿಡಿ, ಸೋರಿದ ಸುಳಿವಿಲ್ಲದೆ ಸುಮ್ಮನೆ ಅವಧಿಗೊಮ್ಮೆ ಬದಲಾಯಿಸಿ ಅನ್ನಬೇಡಿ. ಬ್ರಿಟನ್ನಿನ ಸೈಬರ್ ಭದ್ರತಾ ಸಂಸ್ಥೆ ಎನ್‌ಸಿಎಸ್‌ಸಿ ಅದೇ ವರ್ಷ ಪೇಸ್ಟ್ ತಡೆಯಬೇಡಿ ಅಂತ ಪ್ರತ್ಯೇಕವಾಗಿಯೇ ಬರೆಯಿತು. ಅಡಿಕೆಪಟ್ಟೆಯವರ ಅಪ್ಪ ಒಂದು ಕೂಡಿಸುತ್ತಾ ಹೋದದ್ದು ಅವರ ತಪ್ಪಲ್ಲ. ಹಾಗೆ ಮಾಡಲಿಕ್ಕೆ ಕಲಿಸಿದ್ದು ಬ್ಯಾಂಕು.

ಬಿಸಿಬೇಳೆ · ಭಾನುವಾರ, 8:40

ಕಲಿಸಿದ್ದು ಬ್ಯಾಂಕಾದರೂ ಹಣ ಹೋಗುವುದು ಗ್ರಾಹಕರದ್ದು. ನನ್ನ ಮಾತು ಅಷ್ಟೇ.

ಅಡಿಕೆಪಟ್ಟೆ · ಸೋಮವಾರ, ಬೆಳಿಗ್ಗೆ 7:30

ಬೇರೆ ಎಕ್ಸ್‌ಟೆನ್ಷನ್ ಅಂತ ಹುಡುಕಿದರೆ ಲಾಸ್ಟ್‌ಪಾಸ್, ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಕೀಪಾಸ್ ಅಂತ ಹೆಸರು ಬರ್ತಿವೆ. ಲಾಸ್ಟ್‌ಪಾಸ್ ಕಳವಾಯ್ತು ಅಂತ ಎಲ್ಲೋ ಓದಿದ ನೆನಪು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿಟ್ಟು ಬುಟ್ಟಿಯೇ ಹೋದರೆ?

ಕೋಡುಬಳೆ · ಸೋಮವಾರ, ಮಧ್ಯಾಹ್ನ 2:10

ನಾನು ಲಾಸ್ಟ್‌ಪಾಸ್ ಬಳಸ್ತಿದ್ದವಳು, ಡಬ್ಲಿನ್‌ನಿಂದ. ಆ ಬುಟ್ಟಿ ಹೇಗೆ ಹೋಯ್ತು ಅಂತ ಪೂರ್ತಿ ಓದಿದ್ದೇನೆ, ಯಾಕಂದ್ರೆ ಅದರಲ್ಲಿ ನನ್ನ ಮೊಟ್ಟೆಯೂ ಇತ್ತು.

2022ರ ಆಗಸ್ಟ್‌ನಲ್ಲಿ, ನಮ್ಮ ಸೋರ್ಸ್ ಕೋಡ್ ಕದ್ದಿದ್ದಾರೆ, ಗ್ರಾಹಕರ ಮಾಹಿತಿಗೇನೂ ಆಗಿಲ್ಲ ಅಂದರು. ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಮೂರು ದಿನ ಇದ್ದಾಗ, ವಾಲ್ಟ್‌ಗಳ (ಪಾಸ್‌ವರ್ಡ್‌ಗಳನ್ನಿಡುವ ತಿಜೋರಿಗಳ) ಬ್ಯಾಕಪ್‌ಅನ್ನೇ ನಕಲು ಮಾಡಿಕೊಂಡು ಹೋಗಿದ್ದಾರೆ ಅಂದರು. ಆಮೇಲೆ ತಿಳಿದದ್ದು: ಕಂಪನಿಯ ಒಬ್ಬ ಹಿರಿಯ ಎಂಜಿನಿಯರ್‌ನ ಮನೆಯ ಕಂಪ್ಯೂಟರಿನಲ್ಲಿ ಹಳೇ ಮೀಡಿಯಾ ಸಾಫ್ಟ್‌ವೇರ್ ಒಂದರ ಬಿರುಕಿನಿಂದ ನುಗ್ಗಿ, ಕೀಲಾಗರ್ ಕೂರಿಸಿ, ಆತ ಮಾಸ್ಟರ್ ಪಾಸ್‌ವರ್ಡ್ (ಇಡೀ ವಾಲ್ಟ್ ತೆರೆಯುವ ಒಂದೇ ಪಾಸ್‌ವರ್ಡ್) ಹೊಡೆಯುವುದನ್ನೇ ಹಿಡಿದಿದ್ದರು.

ವಾಲ್ಟ್‌ನಲ್ಲಿ ಪಾಸ್‌ವರ್ಡ್‌ಗಳಿಗೆ ಬೀಗ ಇತ್ತು, ಆದರೆ ಸೈಟಿನ ವಿಳಾಸಗಳಿಗೆ ಇರಲಿಲ್ಲ. ಅಂದರೆ ನನ್ನ ಖಾತೆ ಯಾವ ಬ್ಯಾಂಕಿನಲ್ಲಿದೆ, ಯಾವ ಆಸ್ಪತ್ರೆಗೆ ಹೋಗ್ತೇನೆ, ಕಳ್ಳರಿಗೆ ಗೊತ್ತು. ಬೀಗ ಒಡೆಯಲು ಅವರಿಗೆ ಅವಸರವೂ ಇಲ್ಲ. ವಾಲ್ಟ್ ಅವರ ಮನೆಯಲ್ಲೇ ಇದೆ, ಮೂರು ಸಲ ತಪ್ಪಿದರೆ ಲಾಕ್ ಮಾಡಲು ಅಲ್ಲಿ ಯಾರೂ ಇಲ್ಲ.

ಇದಕ್ಕೇ ಮಾಸ್ಟರ್ ಪಾಸ್‌ವರ್ಡನ್ನು ರುಬ್ಬುವುದು. ನೀವು ಹೊಡೆದ ಪಾಸ್‌ವರ್ಡ್ ನೇರವಾಗಿ ಕೀಲಿ ಆಗಲ್ಲ. ಒರಳಿಗೆ ಹಾಕಿ ಲಕ್ಷಾಂತರ ಸುತ್ತು ರುಬ್ಬಿದ ಮೇಲೆ ಬರುವ ಹಿಟ್ಟೇ ಕೀಲಿ. ನಮಗೆ ಅರೆ ಕ್ಷಣ. ಕೋಟಿ ಊಹೆ ಮಾಡುವ ಕಳ್ಳ ಪ್ರತಿ ಊಹೆಗೂ ಅಷ್ಟೇ ರುಬ್ಬಬೇಕು, ಅವನ ಕರೆಂಟ್ ಬಿಲ್ಲು ಏರ್ತದೆ. ಲಾಸ್ಟ್‌ಪಾಸ್‌ನಲ್ಲಿ ಹೊಸ ಖಾತೆಗೆ 1,00,100 ಸುತ್ತು ಇತ್ತು. ಹಳೇ ಖಾತೆಗಳು ಕೆಲವು 5,000ದಲ್ಲೇ ಉಳಿದಿದ್ದವು, ಯಾರೂ ಏರಿಸಿರಲಿಲ್ಲ. ನಂದು ಅಂಥದ್ದೇ. ಎರಡು ವಾರಾಂತ್ಯ ಕೂತು 130 ಪಾಸ್‌ವರ್ಡ್ ಬದಲಾಯಿಸಿದೆ. ಈಗ ಬಿಟ್‌ವಾರ್ಡನ್‌ನಲ್ಲಿದ್ದೇನೆ, 2023ರಿಂದ ಅದು ಹೊಸ ಖಾತೆಗೆ ಆರು ಲಕ್ಷ ಸುತ್ತು ರುಬ್ಬುತ್ತೆ. ಸೋರ್ಸ್ ಕೋಡ್ ಬಯಲಲ್ಲೇ ಇದೆ, ಉಚಿತ ಆವೃತ್ತಿಯಲ್ಲೂ ಎಷ್ಟು ಫೋನು, ಎಷ್ಟು ಲ್ಯಾಪ್‌ಟಾಪ್ ಬೇಕಾದರೂ ಸೇರಿಸಬಹುದು.

ಕೀಪಾಸ್ ಅನ್ನೋದು ಯಾರ ಸರ್ವರಿಗೂ ಹೋಗದ ಒಂದು ಫೈಲು. ನಿಮ್ಮ ಅಪ್ಪನ ‘ಬೀಗದ ಕೈ ಯಾಕೆ ಕೊಡಲಿ’ ಸ್ವಭಾವಕ್ಕೆ ಸರಿಹೊಂದುತ್ತೆ. ಆದರೆ ಆ ಫೈಲಿನ ಬ್ಯಾಕಪ್ ನೀವೇ ನೋಡಿಕೊಳ್ಳಬೇಕು. ಲ್ಯಾಪ್‌ಟಾಪ್ ಸತ್ತ ದಿನ ಫೋನ್ ಬರೋದು ನಿಮಗೆ.

ಅಡಿಕೆಪಟ್ಟೆ · ಸೋಮವಾರ, 2:45

ಮಾಸ್ಟರ್ ಪಾಸ್‌ವರ್ಡ್‌ಗೆ ಅಪ್ಪ ಈಗಲೇ ಒಂದು ಯೋಚಿಸಿದ್ದಾರೆ. ಒಂದು ವಚನದ ಮೊದಲ ಸಾಲು. ಉದ್ದ ಇದೆ, ಮರೆಯೋದಿಲ್ಲ ಅಂತಾರೆ.

ರಾಗಿಮುದ್ದೆ · ಸೋಮವಾರ, 3:02

ಬೇಡ ಬೇಡ. ನಿಮಗೆ ಬಾಯಿಪಾಠ ಬರೋದು ಇಂಟರ್‌ನೆಟ್ಟಿಗೂ ಬರ್ತದೆ. ವಚನ, ಗಾದೆ, ಸಿನಿಮಾ ಹಾಡು, ರಾಷ್ಟ್ರಗೀತೆ ಯಾವುದೂ ಬೇಡ.

ಡೈಸ್‌ವೇರ್ ಅಂತ ಒಂದು ಉಪಾಯ ಐತೆ, 1995ರದ್ದು. ಐದು ದಾಳ ಹಾಕಿದ್ರೆ 7,776 ಥರ ಬೀಳ್ತವೆ, ಅಷ್ಟೇ ಪದಗಳ ಪಟ್ಟಿ. ಒಂದು ಎಸೆತಕ್ಕೆ ಒಂದು ಪದ, ಐದಾರು ಪದ ಪೋಣಿಸೋದು. ಪದಗಳ ನಡುವೆ ಅರ್ಥ ಇರಬಾರದು, ಅದೇ ಅದರ ಬಲ. ನಾನು ಕನ್ನಡದಲ್ಲೇ ಮಾಡ್ಕೊಂಡಿದ್ದೀನಿ. ನಿಘಂಟನ್ನ ಕಣ್ಣು ಮುಚ್ಚಿ ತೆಗೆದು ಬೆರಳಿಟ್ಟಲ್ಲಿ ಬಂದ ಪದ. ಆರು ಸಲ. ಬಂದಿದ್ದನ್ನ ಚೆನ್ನಾಗಿಲ್ಲ ಅಂತ ಬದಲಾಯಿಸಬಾರದು, ಬದಲಾಯಿಸಿದ್ರೆ ಅದು ನಿಮ್ಮ ಮನಸ್ಸು ಆರಿಸಿದ್ದಾಯ್ತು. ಪಕ್ಕಾ ಡೈಸ್‌ವೇರಿನಷ್ಟು ಲೆಕ್ಕಬದ್ಧ ಅಲ್ಲ, ಅಮ್ಮನ ಹೆಸರು ಅಟ್ 131ಕ್ಕಿಂತ ಎಷ್ಟೋ ಮೇಲು.

ಒಂದು ಎಡವಟ್ಟೈತೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೀಬೇಕಲ್ಲ, ಹಾಲು ಅನ್ನೋದಕ್ಕೆ ಒಂದು ಎ ಹಾಕೋದಾ ಎರಡಾ? ನಾನು ಒಂದು ಸಲ ಅರ್ಧ ಗಂಟೆ ಹೊರಗೇ ನಿಂತಿದ್ದೆ. ದೀರ್ಘಕ್ಕೆ ಎರಡು ಅಂತ ನಿಯಮ ಮಾಡ್ಕೊಳ್ಳಿ, ಮಹಾಪ್ರಾಣ ಬರೋ ಪದ ಬಂದ್ರೆ ಮಾತ್ರ ಮತ್ತೆ ಬೆರಳಿಡಿ.

ಕೋಡುಬಳೆ · ಸೋಮವಾರ, 3:20

ಇನ್ನೊಂದು, ಯಾರೂ ಹೇಳಲಿಕ್ಕೆ ಇಷ್ಟಪಡದ ವಿಷಯ. ಅಪ್ಪನ ನಂತರ? ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಎಲ್ಲಾ ಅವರ ತಲೆಯಲ್ಲೇ ಇತ್ತು. ಅವರ ಸಿಮ್ ರೀಚಾರ್ಜ್ ಇಲ್ಲದೆ ನಿಂತುಹೋಯ್ತು, ಒಟಿಪಿಯೂ ಹೋಯ್ತು. ಚಿಕ್ಕಮ್ಮ ಎಂಟು ತಿಂಗಳು ಕಚೇರಿ ಅಲೆದರು. ಬಿಟ್‌ವಾರ್ಡನ್‌ನ ದುಡ್ಡು ಕೊಡುವ ಆವೃತ್ತಿಯಲ್ಲಿ ತುರ್ತು ಪ್ರವೇಶ ಅಂತಿದೆ: ನೀವು ಹೆಸರಿಸಿದವರು ಕೇಳಿದ ಮೇಲೆ ಇಂತಿಷ್ಟು ದಿನ ಕಾದು, ನೀವು ಬೇಡ ಅನ್ನದಿದ್ದರೆ ತೆರೆಯುತ್ತೆ. ಗೂಗಲ್ ಖಾತೆಗೂ ನಿಷ್ಕ್ರಿಯ ಖಾತೆ ನಿರ್ವಾಹಕ ಅಂತ 2013ರಿಂದ ಇದೆ, ಕಡಿಮೆ ಅಂದರೆ ಮೂರು ತಿಂಗಳ ಕಾಯುವಿಕೆ ಇಡಬಹುದು. ಅಷ್ಟೆಲ್ಲ ಬೇಡ ಅಂದರೆ ಮಾಸ್ಟರ್ ಪಾಸ್‌ವರ್ಡ್ ಒಂದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಆಸ್ತಿಪತ್ರದ ಜೊತೆ ಇಡಿ.

ರಾಗಿಮುದ್ದೆ · ಸೋಮವಾರ, 4:15

ಹಾಕೋವಾಗ ಎರಡು ಮಾತು ನೆನಪಿರಲಿ. ಕ್ರೋಮಿಂದ ಬೇರೆ ಕಡೆಗೆ ಸಾಗಿಸೋಕೆ ಎಕ್ಸ್‌ಪೋರ್ಟ್ ಮಾಡಿದ್ರೆ ಒಂದು ಸಿಎಸ್‌ವಿ ಫೈಲ್ ಬರ್ತದೆ. ಅದರಲ್ಲಿ ಬೀಗ ಗೀಗ ಏನೂ ಇಲ್ಲ, ಎಕ್ಸೆಲ್‌ನಲ್ಲಿ ತೆಗೆದ್ರೆ ಪಾಸ್‌ವರ್ಡೆಲ್ಲ ಬೆತ್ತಲೆ. ಕೆಲಸ ಆದ ಕೂಡಲೇ ಡೌನ್‌ಲೋಡ್ಸಿಂದ, ರೀಸೈಕಲ್ ಬಿನ್ನಿಂದ ಅಳಿಸಿ. ವಾಟ್ಸ್ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸ್ಕೊಳ್ಳೋದೂ ಬೇಡ.

ಇನ್ನೊಂದು ನಮ್ಮ ರಾಜ್ಯದ್ದೇ ತೊಂದರೆ. ಸೇವಾ ಸಿಂಧು, ಕಾವೇರಿ, ಸ್ಕಾಲರ್‌ಶಿಪ್ಪು, ಭೂಮಿ ಎಲ್ಲಾ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಅನ್ನೋ ಒಂದೇ ಸೂರಿನಡಿ ಬೇರೆ ಬೇರೆ ಕೋಣೆ. ಬಿಟ್‌ವಾರ್ಡನ್ ಸೂರು ಮಾತ್ರ ನೋಡ್ತದೆ, ಹಂಗಾಗಿ ಪಹಣಿ ಪುಟದಲ್ಲಿ ಸ್ಕಾಲರ್‌ಶಿಪ್ ಪಾಸ್‌ವರ್ಡನ್ನೂ ಮುಂದಿಡ್ತದೆ. ಆ ಎಂಟ್ರಿಗಳಲ್ಲಿ ಹೊಂದಾಣಿಕೆ ‘ಬೇಸ್ ಡೊಮೇನ್’ ಅಂತಿರೋದನ್ನ ‘ಹೋಸ್ಟ್’ ಅಂತ ಮಾಡಿ, ಕೋಣೆ ಕೋಣೆಗೆ ಬೇರೆ ಕೀಲಿ ಆಯ್ತದೆ.

ಪುಟ ತೆರೆದ ಕೂಡಲೇ ತಾನಾಗೇ ತುಂಬೋದು ಅಂತ ಒಂದು ಸೌಲಭ್ಯ ಐತೆ, ಬಿಟ್‌ವಾರ್ಡನ್‌ನಲ್ಲಿ ಮೊದಲಿಂದ ಆರಿರ್ತದೆ. ಆರಿರಲಿ. ಕಣ್ಣಿಗೆ ಕಾಣದ ಲಾಗಿನ್ ಫಾರ್ಮ್ ಇಟ್ಟು, ಬ್ರೌಸರ್ ತುಂಬಿದ ಇಮೇಲ್ ವಿಳಾಸನ ಜಾಹೀರಾತು ಸ್ಕ್ರಿಪ್ಟ್‌ಗಳು ಎತ್ತಿಕೊಳ್ತಿದ್ದಿದ್ದನ್ನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2017ರಲ್ಲೇ ಹಿಡಿದು ತೋರಿಸಿದ್ರು.

ಅಡಿಕೆಪಟ್ಟೆ · ಮೂರು ವಾರದ ನಂತರ, ಶುಕ್ರವಾರ ರಾತ್ರಿ 9:48

ಏನಾಯ್ತು ಅಂತ ಹೇಳುವ ಋಣ ಇದೆ.

ಮರುವಾರ ಮತ್ತೆ ಊರಿಗೆ ಹೋಗಿ ಭಾನುವಾರ ಪೂರ್ತಿ ಅಪ್ಪನ ಜೊತೆ ಕೂತು ಬಿಟ್‌ವಾರ್ಡನ್ ಹಾಕಿದೆ. 41ರಲ್ಲಿ 17 ಸತ್ತಿದ್ದವು. ಉಳಿದ 23ಕ್ಕೆ ಹೊಸ ಪಾಸ್‌ವರ್ಡ್. ನಿಘಂಟಿನಲ್ಲಿ ಬೆರಳಿಡುವ ಕೆಲಸ ಅಮ್ಮ ಮಾಡಿದರು, ಬಂದ ಪದ ನೋಡಿ ನಕ್ಕು ನಕ್ಕು ಸಾಕಾಯ್ತು. ಬ್ಯಾಂಕಿನದ್ದೊಂದು ಮಾತ್ರ ಡೈರಿಯಲ್ಲೇ ಬಿಟ್ಟೆವು. ಅಪ್ಪನಿಗೆ ಬಿಸಿಬೇಳೆಯವರ ಮಾತು ಹಿಡಿಸಿತ್ತು. ಹೇಗೂ ಆ ಬ್ಯಾಂಕಿನ ಪುಟ ತುಂಬಲಿಕ್ಕೆ ಬಿಡುವುದೂ ಇಲ್ಲ.

ನಿನ್ನೆ ಅಪ್ಪನಿಗೊಂದು ಇಮೇಲ್ ಬಂತು. ನಿಮ್ಮ ಜೀವಿತ ಪ್ರಮಾಣಪತ್ರ ತಲುಪಿಲ್ಲ, ಪಿಂಚಣಿ ನಿಲ್ಲುತ್ತದೆ, ಇಲ್ಲಿ ಲಾಗಿನ್ ಆಗಿ. ಒತ್ತಿದರು. ಬ್ಯಾಂಕಿನದ್ದೇ ಪುಟ, ಅಂದರೆ ಹಾಗೆ ಕಾಣುವ ಪುಟ. ಬಿಟ್‌ವಾರ್ಡನ್ ಏನನ್ನೂ ತುಂಬಲಿಲ್ಲ. ಅಪ್ಪ ಡೈರಿ ತೆಗೆದು, ಕನ್ನಡಕ ಹಾಕಿಕೊಂಡು, 131 ತನಕ ಕೈಯಲ್ಲೇ ಹೊಡೆದರು. ಮುಂದಿನ ಪುಟ ಎಟಿಎಂ ಕಾರ್ಡಿನ ನಂಬರು, ಪಿನ್ನು ಕೇಳಿತು. ಪಿನ್ ಯಾರಿಗೂ ಹೇಳಬಾರದು ಅನ್ನೋದು ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅಲ್ಲಿ ನಿಲ್ಲಿಸಿ ನನಗೆ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಹೇಳಿದ್ದಾಯ್ತು. ದುಡ್ಡು ಹೋಗಿಲ್ಲ.

ನಾನು ಕೇಳಿದೆ: ಅದು ತುಂಬದೇ ಇದ್ದಾಗಲೇ ಅನುಮಾನ ಬರಲಿಲ್ವಾ? “ಬ್ಯಾಂಕಿನ ಪುಟದಲ್ಲಿ ಅದು ಯಾವತ್ತು ತುಂಬಿತ್ತು, ಇವತ್ತು ತುಂಬೋದಕ್ಕೆ?”

ನೀರ್ದೋಸೆ · ಶುಕ್ರವಾರ, 10:05

ಛೆ. ನಾನು ಇಡೀ ದಿನ ಹೊಗಳಿದ್ದು ಆ ಸುಮ್ಮನಿರುವಿಕೆಯನ್ನೇ. ನಿಜವಾದ ಪುಟದಲ್ಲೂ ಸುಮ್ಮನೆ, ಕಳ್ಳ ಪುಟದಲ್ಲೂ ಸುಮ್ಮನೆ ಅಂತಾದರೆ ಅಪ್ಪ ಎಂತ ಮಾಡಬೇಕು? ತುಂಬಲಿಕ್ಕೆ ಬಿಡದ ಬ್ಯಾಂಕು ಕಳ್ಳರಿಗೆ ದಾರಿ ಗುಡಿಸಿಟ್ಟಿದೆ.

ಬಿಸಿಬೇಳೆ · ಶುಕ್ರವಾರ, 10:30

ಬ್ಯಾಂಕಿನದ್ದು ಅದರಲ್ಲಿ ಬೇಡ ಎಂದವನು ನಾನು. ಪಾಸ್‌ವರ್ಡ್ ಎಲ್ಲಿರಬೇಕು ಎಂದಷ್ಟೇ ಯೋಚಿಸಿದ್ದೆ, ಅದನ್ನು ಎಲ್ಲಿ ಹೊಡೆಯುತ್ತಾರೆ ಎಂದು ಯೋಚಿಸಲಿಲ್ಲ. ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ. ಪಿನ್ ಕೇಳಿದಾಗ ನಿಲ್ಲಿಸದವರನ್ನು ನಾನು ಬಹಳ ಕಂಡಿದ್ದೇನೆ.

ರಾಗಿಮುದ್ದೆ · ಶುಕ್ರವಾರ, 10:52

ಒಂದು ದಾರಿ ಐತೆ. ಬ್ಯಾಂಕಿನ ಹೆಸರಲ್ಲಿ ಒಂದು ಎಂಟ್ರಿ ಮಾಡಿ, ಸರಿಯಾದ ವಿಳಾಸ ಹಾಕಿ, ಯೂಸರ್‌ನೇಮ್ ಹಾಕಿ. ಪಾಸ್‌ವರ್ಡ್ ಜಾಗ ಖಾಲಿ ಬಿಟ್ರೂ ಸರಿ, ಬಿಸಿಬೇಳೆಯವರ ಮಾತೂ ಉಳೀತದೆ. ಬಿಟ್‌ವಾರ್ಡನ್‌ನ ಗುರಾಣಿ ಚಿತ್ರ ಬ್ರೌಸರಿನ ಮೇಲ್ಗಡೆ ಜಿಗ್‌ಸಾ ತುಂಡಿನ ಒಳಗೆ ಅಡಗಿರ್ತದೆ, ಅದನ್ನ ಪಿನ್ ಮಾಡಿ ಹೊರಗೆ ತನ್ನಿ. ಆ ಸೈಟಿಗೆ ಎಷ್ಟು ಎಂಟ್ರಿ ಹೊಂದುತ್ತೋ ಅಷ್ಟು ಅಂಕಿ ಗುರಾಣಿ ಮೇಲೆ ಕಾಣ್ತದೆ. ಬ್ಯಾಂಕಿನ ನಿಜವಾದ ಪುಟದಲ್ಲಿ, ಪೇಸ್ಟ್ ಬಿಡಲಿ ಬಿಡದಿರಲಿ, 1 ಅಂತ ಕಾಣಬೇಕು. ವಾಲ್ಟ್ ತೆರೆದೇ ಇರಬೇಕು, ಬೀಗ ಹಾಕಿದ್ರೆ ಅಂಕಿ ಕಾಣಲ್ಲ. 1 ಇಲ್ವಾ, ಡೈರಿ ಮುಟ್ಟಬಾರದು.

ಅಡಿಕೆಪಟ್ಟೆ · ಶನಿವಾರ, ಬೆಳಿಗ್ಗೆ 8:20

ವಿಡಿಯೊ ಕಾಲ್‌ನಲ್ಲಿ ಮಾಡಿಸಿದೆ. ಬ್ಯಾಂಕಿನ ಪುಟ ತೆರೆದರು, 1 ಬಂತು. ಮೊನ್ನೆಯದರ ಹಾಗೆ ಬೇರೆ ಒಂದು ಪುಟ ತೆರೆಸಿದೆ, ಏನೂ ಬರಲಿಲ್ಲ. ಅಪ್ಪ ಡೈರಿಯ ಬ್ಯಾಂಕಿನ ಪುಟದ ಮೇಲೆ ಕೆಂಪು ಶಾಯಿಯಲ್ಲಿ ‘1 ನೋಡಿ ಬರೆಯುವುದು’ ಅಂತ ಬರೆದು ಎರಡು ಗೀಟು ಎಳೆದರು.

ಆಮೇಲೆ ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತು ಕೇಳಿದರು: “ಇಲ್ಲ ಅಂದರೆ ಸೊನ್ನೆ ಅಂತ ತೋರಿಸಬೇಕಲ್ವೇನೋ? ಖಾಲಿ ಯಾಕೆ ಬಿಟ್ಟಿದ್ದಾರೆ? ಖಾಲಿ ಬಿಟ್ಟರೆ ಹುಡುಗ ಉತ್ತರ ಬರೆದಿಲ್ವೋ, ಉತ್ತರವೇ ಸೊನ್ನೆಯೋ, ಹೇಗೆ ಗೊತ್ತಾಗೋದು?”

ಗಿರ್ಮಿಟ್ · ಶನಿವಾರ, 8:41

ಮೇಷ್ಟ್ರು ಏನ್ ಕಲಿಸ್ತಿದ್ರು ಅಂತ ಕೇಳೂದ ಮರ್ತಿದ್ದೆ. ಗಣಿತ ಹೌದಲ್ರಿ?

ಅಡಿಕೆಪಟ್ಟೆ · ಶನಿವಾರ, 8:43

ಗಣಿತ. ಅಂದ ಹಾಗೆ ನಾನು ಮೇಲೆ 41ರಲ್ಲಿ 17 ಸತ್ತವು, 23ಕ್ಕೆ ಹೊಸತು, ಬ್ಯಾಂಕಿನದ್ದೊಂದು ಡೈರಿಯಲ್ಲಿ ಅಂತ ಬರೆದದ್ದನ್ನೂ ಕೂಡಿ ನೋಡಿ, ಸರಿಯಿದೆ ಅಂದರು.